ವಿಳಾಸ ಬದಲಿಸಿದ ಲಾಟರಿ

ಷಿಕಾಗೊ ನಗರದ ದಕ್ಷಿಣದ ತುತ್ತತುದಿಯಲ್ಲಿ ಆಲ್ಟ್‌ಗೆಲ್ಡ್ ಗಾರ್ಡನ್ಸ್ ಎಂಬ ಸರ್ಕಾರಿ ವಸತಿ ಸಮುಚ್ಚಯವಿದೆ. ಹೆಸರಿನಲ್ಲಿ ತೋಟವಿದೆ, ಸುತ್ತ ಇದ್ದದ್ದು ಮಾತ್ರ ಕಸ ಸುರಿಯುವ ಗುಂಡಿಗಳು ಮತ್ತು ಕಾರ್ಖಾನೆಗಳು. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಕಪ್ಪುವರ್ಣೀಯ ಕಾರ್ಮಿಕರಿಗೆಂದು ಕಟ್ಟಿದ ಮನೆಗಳಿವು. ಅಲ್ಲಿನ ನಿವಾಸಿ, ಬಾಡಿಗೆದಾರರ ಸಂಘಟನೆಯ ಮುಂದಾಳು ಡೊರೊಥಿ ಗೋಟ್ರೊ 1966ರಲ್ಲಿ ಇನ್ನು ಕೆಲವರನ್ನು ಜೊತೆ ಮಾಡಿಕೊಂಡು ಷಿಕಾಗೊ ವಸತಿ ಪ್ರಾಧಿಕಾರದ ಮೇಲೆ ದಾವೆ ಹೂಡಿದರು. ಅವರ ತಕರಾರು ಇಷ್ಟೇ: ಸರ್ಕಾರಿ ಮನೆಗಳನ್ನೆಲ್ಲ ಕಪ್ಪುವರ್ಣೀಯರ ಕೇರಿಗಳಲ್ಲೇ ಏಕೆ ಕಟ್ಟುತ್ತೀರಿ?

ಉತ್ತರ ಎಲ್ಲರಿಗೂ ಗೊತ್ತಿತ್ತು. ಯಾವ ವಾರ್ಡಿನಲ್ಲಿ ಮನೆ ಕಟ್ಟಬೇಕೆಂದರೂ ಆ ವಾರ್ಡಿನ ನಗರಸಭಾ ಸದಸ್ಯನ ಒಪ್ಪಿಗೆ ಬೇಕಿತ್ತು. ಬಿಳಿಯರ ವಾರ್ಡಿನ ಸದಸ್ಯರು ಒಪ್ಪುತ್ತಿರಲಿಲ್ಲ, ಕಡತ ಅಲ್ಲಿಗೆ ಮುಚ್ಚುತ್ತಿತ್ತು. 1969ರಲ್ಲಿ ನ್ಯಾಯಾಧೀಶ ರಿಚರ್ಡ್ ಆಸ್ಟಿನ್ ತೀರ್ಪು ಕೊಟ್ಟಾಗ ಲೆಕ್ಕ ಹೊರಬಿತ್ತು. ಬಿಳಿಯರ ಪ್ರದೇಶದಲ್ಲಿದ್ದ ನಾಲ್ಕು ಹಳೆಯ ಸಮುಚ್ಚಯಗಳನ್ನು ಬದಿಗಿಟ್ಟರೆ, ಕುಟುಂಬಗಳಿಗೆಂದು ಕಟ್ಟಿದ ಮನೆಗಳಲ್ಲಿ ಶೇ 99.5ರಷ್ಟು ಕಪ್ಪುವರ್ಣೀಯರೇ ತುಂಬಿದ್ದ ಅಥವಾ ಇನ್ನೇನು ತುಂಬಲಿದ್ದ ಕೇರಿಗಳಲ್ಲಿದ್ದವು. ಆ ತೀರ್ಪನ್ನು ಕೇಳಲು ಡೊರೊಥಿ ಇರಲಿಲ್ಲ. 1968ರಲ್ಲೇ ತೀರಿಕೊಂಡಿದ್ದರು.

ಈ ತಕರಾರಿನ ಹಿಂದಿರುವ ಒಂದು ಪ್ರಶ್ನೆಗೆ ಲೆಕ್ಕಾಚಾರದ ಸಮಾಜಶಾಸ್ತ್ರ ಅರ್ಧ ಶತಮಾನದಿಂದ ಉತ್ತರ ಹುಡುಕುತ್ತಿದೆ. ಮನುಷ್ಯನನ್ನು ಅವನ ನೆರೆಹೊರೆ ಬೆಳೆಸುತ್ತದೆಯೋ, ಅವನ ಸ್ಥಿತಿಗತಿಯೇ ಅವನನ್ನು ಅಂಥ ನೆರೆಹೊರೆಗೆ ತಂದು ನಿಲ್ಲಿಸುತ್ತದೆಯೋ? ‘ಕೇರಿ ಸರಿಯಿಲ್ಲ, ಮಕ್ಕಳು ಹಾಳಾಗ್ತಾರೆ’ ಎಂದು ನಮ್ಮಲ್ಲೂ ಮನೆ ಬದಲಿಸುವವರಿದ್ದಾರೆ. ಆದರೆ ಹಾಗೆ ಯೋಚಿಸಿ, ದುಡ್ಡು ಹೊಂದಿಸಿ ಬೇರೆಡೆ ಹೋಗುವ ತಂದೆ ತಾಯಿಯ ಮಕ್ಕಳು ಎಲ್ಲಿದ್ದರೂ ಓದಿಕೊಳ್ಳುತ್ತಿದ್ದರೇನೋ. ಒಳ್ಳೆಯ ಬಡಾವಣೆಯ ಮಕ್ಕಳು ಮುಂದೆ ಬಂದರು ಎಂದ ಮಾತ್ರಕ್ಕೆ ಅದು ಬಡಾವಣೆಯ ಗುಣವೆಂದು ಹೇಳಲಾಗದು. ಸಂಖ್ಯಾಶಾಸ್ತ್ರದವರಿಗೆ ಇದು ಗಂಟಲ ಮುಳ್ಳು.

ಅಳೆಯುವ ಕೆಲಸ ಡೊರೊಥಿಯವರ ದಾವೆಗೂ ಮುಂಚೆಯೇ ಶುರುವಾಗಿತ್ತು. 1955ರಲ್ಲಿ ಓಟಿಸ್ ಡಡ್ಲಿ ಡಂಕನ್ ಮತ್ತು ಬೆವರ್ಲಿ ಡಂಕನ್ ದಂಪತಿ ಪ್ರತ್ಯೇಕತೆಯನ್ನು ಅಳೆಯುವ ಸೂಚ್ಯಂಕಗಳನ್ನು ಒರೆಗೆ ಹಚ್ಚಿ ಪ್ರಬಂಧ ಬರೆದರು. ಅವರು ಎತ್ತಿಹಿಡಿದ ಸೂಚ್ಯಂಕದ ಅರ್ಥ ಇದು: ಎರಡು ಸಮುದಾಯಗಳು ಊರಿನ ಎಲ್ಲ ಭಾಗಗಳಲ್ಲೂ ಒಂದೇ ಪ್ರಮಾಣದಲ್ಲಿ ಹರಡಿರಬೇಕಾದರೆ, ಒಂದು ಸಮುದಾಯದ ನೂರಕ್ಕೆ ಎಷ್ಟು ಜನ ಮನೆ ಬದಲಿಸಬೇಕು? 1970ರ ಷಿಕಾಗೊದಲ್ಲಿ ಅದು 90ನ್ನೂ ದಾಟಿತ್ತು. ಅದೇ 1955ರಲ್ಲಿ ಪೀಟರ್ ರಾಸಿ ಫಿಲಡೆಲ್ಫಿಯಾದಲ್ಲಿ ಮನೆಮನೆ ಸಮೀಕ್ಷೆ ನಡೆಸಿ, ಕುಟುಂಬಗಳು ಮನೆ ಬದಲಿಸುವುದೇಕೆಂದು ಒಂದು ಪುಸ್ತಕವನ್ನೇ ಬರೆದರು. ಮಕ್ಕಳು ಹುಟ್ಟುತ್ತವೆ, ಜಾಗ ಸಾಲದಾಗುತ್ತದೆ, ಹೊರಡುತ್ತಾರೆ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಮುಂದೆ ಥಾಮಸ್ ಶೆಲಿಂಗ್ ಎಂಬ ಅರ್ಥಶಾಸ್ತ್ರಜ್ಞ ಚೌಕಗಳ ಹಾಳೆಯ ಮೇಲೆ ಎರಡು ಬಣ್ಣದ ನಾಣ್ಯಗಳನ್ನಿಟ್ಟು ಆಡಿ ನೋಡಿದರು. ತನ್ನ ಅಕ್ಕಪಕ್ಕದಲ್ಲಿ ಮೂರರಲ್ಲೊಂದು ಪಾಲಾದರೂ ತನ್ನ ಬಣ್ಣದವರಿರಲಿ ಎಂದು ಪ್ರತಿ ನಾಣ್ಯವೂ ಬಯಸಿದರೆ ಸಾಕು, ಕೊನೆಗೆ ಹಾಳೆಯೇ ಎರಡು ಪಾಳಯವಾಗುತ್ತದೆ. 1971ರ ಆ ಪ್ರಬಂಧ ಇಂದಿಗೂ ಪಾಠದ ಕೋಣೆಗಳಲ್ಲಿ ಜನಪ್ರಿಯ. ಚೆಂದದ ಲೆಕ್ಕ, ಒಪ್ಪೋಣ. ಆದರೆ ಷಿಕಾಗೊದ ಕೇರಿಗಳು ಯಾರ ಸಣ್ಣಪುಟ್ಟ ಇಷ್ಟಾನಿಷ್ಟದಿಂದಲೂ ಹುಟ್ಟಿರಲಿಲ್ಲ. ಅಲ್ಲಿ ನಾಣ್ಯಗಳನ್ನು ಜರುಗಿಸುತ್ತಿದ್ದ ಕೈ ಬೇರೆಯೇ ಇತ್ತು, ಆ ಕೈಗೆ ನಗರಸಭೆಯ ಮೊಹರೂ ಇತ್ತು.

ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿ, 1976ರಲ್ಲಿ ಅಲ್ಲಿಯೂ ಗೆದ್ದಿತು. ಪರಿಹಾರವಾಗಿ ಬಂದದ್ದು ಬಾಡಿಗೆ ವೋಚರ್. ಕುಟುಂಬ ತನ್ನ ವರಮಾನದ ಒಂದು ಪಾಲು ಕೊಟ್ಟರೆ ಉಳಿದ ಬಾಡಿಗೆಯನ್ನು ಸರ್ಕಾರ ಮನೆ ಮಾಲೀಕನಿಗೆ ತುಂಬಿಕೊಡುತ್ತದೆ. 1998ರವರೆಗೆ 7,000ಕ್ಕೂ ಹೆಚ್ಚು ಕುಟುಂಬಗಳು ಹೀಗೆ ಜಾಗ ಬದಲಿಸಿದವು. ಅರ್ಧಕ್ಕಿಂತ ಹೆಚ್ಚಿನವು ಬಿಳಿಯರ ಉಪನಗರಗಳಿಗೆ ಹೋದವು, ಉಳಿದವು ನಗರದೊಳಗೇ ಇದ್ದವು.

ಇದು ನಡೆಯುತ್ತಿದ್ದ ರೀತಿ ನೋಡಬೇಕು. ನೋಂದಣಿ ಫೋನಿನಲ್ಲಿ, ಕರೆಗಳ ಭರಾಟೆಯಲ್ಲಿ ಲೈನ್ ಸಿಕ್ಕವರು ಭಾಗ್ಯವಂತರು. ಸಾಲದ ಹೊರೆಯಿದ್ದವರನ್ನೂ ಬಹಳ ಮಕ್ಕಳಿದ್ದವರನ್ನೂ ಕೈಬಿಡುತ್ತಿದ್ದರು. ಮನೆ ಒಪ್ಪ ಓರಣವಾಗಿದೆಯೇ ಎಂದು ಮನೆಗೇ ಬಂದು ನೋಡುತ್ತಿದ್ದರು. ಅಷ್ಟೂ ದಾಟಿ ಸರದಿ ಬಂದಾಗ ಯಾವ ಊರಿನಲ್ಲಿ ಮನೆ ಖಾಲಿಯಿದೆಯೋ ಅಲ್ಲಿಗೆ ಹೋಗಬೇಕು. ಬೇಡವೆಂದರೆ ಇನ್ನೊಂದು ಅವಕಾಶ ಸಿಗುತ್ತದೆಂಬ ಭರವಸೆಯಿಲ್ಲ. ಹೆಚ್ಚಿನವರು ಸಿಕ್ಕಿದ್ದಕ್ಕೆ ಹೂಂ ಎಂದರು. ಹೀಗಾಗಿ ಯಾರು ಉಪನಗರಕ್ಕೆ ಹೋದರು, ಯಾರು ನಗರದಲ್ಲೇ ಉಳಿದರು ಎಂಬುದು ಬಹುಪಾಲು ಅದೃಷ್ಟದ ಮಾತಾಯಿತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೇಮ್ಸ್ ರೋಸನ್‌ಬಾಮ್ ಕಣ್ಣಿಗೆ ಬಿದ್ದದ್ದು ಇದೇ. ನ್ಯಾಯಾಲಯ ತನಗೇ ತಿಳಿಯದೆ ಒಂದು ಪ್ರಯೋಗ ಮಾಡಿಟ್ಟಿತ್ತು.

ಅವರ ತಂಡ ಮಕ್ಕಳ ಬೆನ್ನು ಹತ್ತಿತು. ನಗರದಲ್ಲೇ ಉಳಿದವರಲ್ಲಿ ಶೇ 20ರಷ್ಟು ಮಕ್ಕಳು ಶಾಲೆ ಬಿಟ್ಟಿದ್ದರೆ, ಉಪನಗರಕ್ಕೆ ಹೋದವರಲ್ಲಿ ಬಿಟ್ಟವರು ಶೇ 5 ಮಾತ್ರ. ಕಾಲೇಜು ಮೆಟ್ಟಿಲು ಹತ್ತಿದವರು ನಗರದವರಲ್ಲಿ ಶೇ 21, ಉಪನಗರದವರಲ್ಲಿ ಶೇ 54. ಅದೇ ಹೊತ್ತಿಗೆ, 1987ರಲ್ಲಿ, ಷಿಕಾಗೊದಲ್ಲೇ ಇದ್ದ ವಿಲಿಯಂ ಜೂಲಿಯಸ್ ವಿಲ್ಸನ್ ಬಡತನ ಒಂದೆಡೆ ಗುಂಪುಗೂಡುವುದೇ ಬೇರೆಯದೊಂದು ಕೇಡು ಎಂದು ವಾದಿಸುವ ಪುಸ್ತಕ ತಂದಿದ್ದರು. ವಾಷಿಂಗ್ಟನ್ನಿನವರಿಗೆ ಆಸೆ ಹುಟ್ಟಿತು. ಆದರೆ ರೋಸನ್‌ಬಾಮ್ ಅಂಕಿಗಳಲ್ಲಿ ತೂತುಗಳಿದ್ದವು. ಕುಟುಂಬಗಳನ್ನು ಮೊದಲೇ ಸೋಸಲಾಗಿತ್ತು, ಸಿಕ್ಕವರಷ್ಟನ್ನೇ ಸಂದರ್ಶಿಸಲಾಗಿತ್ತು. ನಿಜವಾದ ಲಾಟರಿಯನ್ನೇ ಎತ್ತಿ ನೋಡೋಣ ಎಂಬ ತೀರ್ಮಾನಕ್ಕೆ 1992ರಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟಿತು.

‘ಮೂವಿಂಗ್ ಟು ಆಪರ್ಚುನಿಟಿ’ ಎಂಬ ಆ ಪ್ರಯೋಗ 1994ರಿಂದ 1998ರವರೆಗೆ ಬಾಲ್ಟಿಮೋರ್, ಬಾಸ್ಟನ್, ಷಿಕಾಗೊ, ಲಾಸ್ ಏಂಜಲಿಸ್, ನ್ಯೂಯಾರ್ಕ್ ನಗರಗಳಲ್ಲಿ ಕುಟುಂಬಗಳನ್ನು ಸೇರಿಸಿಕೊಂಡಿತು. ಒಟ್ಟು 4,604 ಕುಟುಂಬಗಳು, ಲಾಟರಿಯಲ್ಲಿ ಮೂರು ಗುಂಪು. ಮೊದಲ ಗುಂಪಿಗೆ ಸಿಕ್ಕ ವೋಚರ್ ಬಡವರ ಪ್ರಮಾಣ ಶೇ 10ಕ್ಕಿಂತ ಕಡಿಮೆಯಿದ್ದ ಪ್ರದೇಶದಲ್ಲಷ್ಟೇ ಚಲಾವಣೆ. ಒಂದು ವರ್ಷ ಅಲ್ಲಿರಲೇಬೇಕು. ಎರಡನೆಯ ಗುಂಪಿಗೆ ಎಲ್ಲಿ ಬೇಕಾದರೂ ನಡೆಯುವ ವೋಚರ್. ಮೂರನೆಯದಕ್ಕೆ ಹೊಸದಾಗಿ ಏನೂ ಇಲ್ಲ. ಬಂದ ತಾಯಂದಿರನ್ನು (ಹೆಚ್ಚಿನವು ಒಂಟಿ ತಾಯಂದಿರ ಸಂಸಾರಗಳು) ಹೋಗಬೇಕೆನ್ನುವುದೇಕೆ ಎಂದು ಕೇಳಿದಾಗ, ನಾಲ್ವರಲ್ಲಿ ಮೂವರು ಹೇಳಿದ ಮೊದಲ ಅಥವಾ ಎರಡನೆಯ ಕಾರಣ ಪುಂಡರ ಗುಂಪು ಮತ್ತು ಮಾದಕವಸ್ತುಗಳಿಂದ ತಪ್ಪಿಸಿಕೊಳ್ಳುವುದು. ನೌಕರಿ, ಶಾಲೆಗಳ ಮಾತು ಆಮೇಲೆ.

ಫಲಿತಾಂಶಕ್ಕೆ ಎಲ್ಲರೂ ಬಾಯಿ ತೆರೆದು ಕಾದರು. ಬಂದದ್ದು ನಿರಾಸೆ. ದೊಡ್ಡವರ ಸಂಪಾದನೆ ಏರಲಿಲ್ಲ, ಮಕ್ಕಳ ಅಂಕಗಳೂ ಏರಲಿಲ್ಲ. ಹೆಣ್ಣುಮಕ್ಕಳು ಕೊಂಚ ನೆಮ್ಮದಿ ಕಂಡರೆ ಕೆಲವು ವಿಷಯಗಳಲ್ಲಿ ಗಂಡುಹುಡುಗರು ಇನ್ನಷ್ಟು ಕೆಟ್ಟರು. ದೊಡ್ಡವರ ಮನಸ್ಸಿನ ಆರೋಗ್ಯ ಸುಧಾರಿಸಿದ್ದು ನಿಜ, ಅತಿಯಾದ ಬೊಜ್ಜು ಮತ್ತು ಮಧುಮೇಹ ಇಳಿದದ್ದೂ ನಿಜ. ಅದೇನೂ ಸಣ್ಣ ಸಂಗತಿಯಲ್ಲ. ಆದರೂ ಹಣದ ಲೆಕ್ಕ ಕೇಳುವವರು ಪ್ರಯೋಗ ಸೋತಿತೆಂದು ಷರಾ ಬರೆದುಬಿಟ್ಟರು. ಸಮಾಜಶಾಸ್ತ್ರಜ್ಞರು ಸುಮ್ಮನಿರಲಿಲ್ಲ. 2008ರಲ್ಲಿ ಸೂಸನ್ ಕ್ಲಾಂಪೆಟ್-ಲುಂಡ್‌ಕ್ವಿಸ್ಟ್ ಮತ್ತು ಡಗ್ಲಸ್ ಮ್ಯಾಸಿ ತಕರಾರು ಎತ್ತಿದರು: ಮೊದಲ ಗುಂಪಿನಲ್ಲಿ ವೋಚರ್ ಬಳಸಿದವರೇ ಅರ್ಧದಷ್ಟು, ಹೋದವರಲ್ಲಿ ಹಲವರು ಮತ್ತೆ ಬಡ ಕೇರಿಗಳಿಗೇ ಮರಳಿದ್ದಾರೆ, ಹೀಗಿರುವಾಗ ನೆರೆಹೊರೆಯ ಗುಣವನ್ನು ಅಳೆದದ್ದಾದರೂ ಹೇಗೆ? ಅರ್ಥಶಾಸ್ತ್ರಜ್ಞರು ತಿರುಗಿ ಉತ್ತರಿಸಿದರು. ನಿಯತಕಾಲಿಕದ ಪುಟಗಳು ತುಂಬಿದವು.

ಉತ್ತರ ಇದ್ದದ್ದು ತೆರಿಗೆ ಇಲಾಖೆಯಲ್ಲಿ. ರಾಜ್ ಚೆಟ್ಟಿ, ನಥಾನಿಯಲ್ ಹೆಂಡ್ರನ್, ಲಾರೆನ್ಸ್ ಕಾಟ್ಜ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಆ ಕುಟುಂಬಗಳ ಮಕ್ಕಳ ತೆರಿಗೆ ದಾಖಲೆಗಳನ್ನು, ಹೆಸರು ಮರೆಸಿ, ಲಾಟರಿಯ ಪಟ್ಟಿಗೆ ಜೋಡಿಸಿದರು. ಕಾಟ್ಜ್ ಮೊದಲ ನಿರಾಸೆಯ ವರದಿಗಳಲ್ಲೂ ಸಹಲೇಖಕರಾಗಿದ್ದವರು. ಹಳೆಯ ಮೌಲ್ಯಮಾಪನದ ಹೊತ್ತಿಗೆ ಸಂಪಾದನೆಗೆ ಇಳಿದಿದ್ದವರು ಹದಿಹರೆಯದಲ್ಲಿ ಜಾಗ ಬದಲಿಸಿದ್ದ ಮಕ್ಕಳು. ಎಳೆಯರಾಗಿದ್ದಾಗ ಹೋದವರು ಇನ್ನೂ ಬೆಳೆದಿರಲಿಲ್ಲ, ಅವರ ಲೆಕ್ಕ ಹಾಕಲು ಯಾರಿಗೂ ಸಾಧ್ಯವಿರಲಿಲ್ಲ. 2015ರಲ್ಲಿ ಹೊರಬಂದು, ಮರುವರ್ಷ ನಿಯತಕಾಲಿಕದಲ್ಲಿ ಪ್ರಕಟವಾದ ಪ್ರಬಂಧ ಆ ಕೊರತೆ ತುಂಬಿತು. 13 ವರ್ಷದೊಳಗೆ ಕಡಿಮೆ ಬಡತನದ ಪ್ರದೇಶಕ್ಕೆ ಹೋದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ, ಹೋಲಿಕೆಯ ಗುಂಪಿನವರಿಗಿಂತ ಶೇ 31ರಷ್ಟು ಹೆಚ್ಚು ಗಳಿಸುತ್ತಿದ್ದರು. ವರ್ಷಕ್ಕೆ 11,270 ಡಾಲರ್ ಇದ್ದಲ್ಲಿ ಸುಮಾರು 3,477 ಡಾಲರ್ ಹೆಚ್ಚು. ಕಾಲೇಜು ಸೇರಿದವರೂ ಹೆಚ್ಚಿದ್ದರು. 13 ದಾಟಿದ ಮೇಲೆ ಹೋದವರಿಗೆ ಲಾಭವಿಲ್ಲ, ತುಸು ನಷ್ಟವೇ. ಬೇರು ಬಿಟ್ಟ ಗಿಡವನ್ನು ಕಿತ್ತು ನೆಟ್ಟಂತೆ, ವಯಸ್ಸಾದಷ್ಟೂ ಕಷ್ಟ ಹೆಚ್ಚು. ಅಂದಹಾಗೆ, ಚೆಟ್ಟಿ ಹುಟ್ಟಿದ್ದು ದೆಹಲಿಯಲ್ಲಿ. ತಂದೆತಾಯಿಯ ಜೊತೆ ಅಮೆರಿಕಕ್ಕೆ ಹೋದಾಗ ಅವರಿಗೆ 9 ವರ್ಷ.

ಹಾಗಿದ್ದರೆ ವೋಚರ್ ಕೈಯಲ್ಲಿದ್ದೂ ಅರ್ಧದಷ್ಟು ಜನ ಹೋಗಲಿಲ್ಲವೇಕೆ? ತಮ್ಮವರ ನಡುವೆ ಇರುವುದೇ ಅವರಿಗಿಷ್ಟ ಎಂದು ಕೈತೊಳೆದುಕೊಂಡವರಿದ್ದರು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸ್ಟೆಫನಿ ಡೆಲುಕಾ ಮನೆಗಳಿಗೆ ಹೋಗಿ ಗಂಟೆಗಟ್ಟಲೆ ಮಾತಾಡಿಸಿ ತಂದ ಚಿತ್ರ ಬೇರೆ. ಬಡವರು ಮನೆ ಬದಲಿಸುವುದು ಯೋಚಿಸಿ ಅಲ್ಲ, ಬಿಡಲೇಬೇಕಾಗಿ ಬಂದಾಗ: ಸೂರು ಸೋರುತ್ತದೆ, ಮಾಲೀಕ ಹೊರಹಾಕುತ್ತಾನೆ, ಎದುರುಗಡೆ ಗುಂಡು ಹಾರುತ್ತದೆ. ವೋಚರಿನ ಗಡುವು ಕೆಲವೇ ತಿಂಗಳು. ಆತುರದಲ್ಲಿ ಗೊತ್ತಿರುವ ಬೀದಿಯಲ್ಲೇ ಸಿಕ್ಕ ಮನೆ ಹಿಡಿಯುತ್ತಾರೆ. ನನ್ನ ಮಟ್ಟಿಗೆ ಈ ಇಡೀ ಕಥೆಯ ಹೂರಣ ಇಲ್ಲಿದೆ.

ಇದನ್ನೇ ಪರೀಕ್ಷಿಸಲು 2018ರಲ್ಲಿ ಸಿಯಾಟಲ್ ಮತ್ತು ಕಿಂಗ್ ಕೌಂಟಿಯಲ್ಲಿ ಡೆಲುಕಾ, ಚೆಟ್ಟಿ ಮೊದಲಾದವರ ತಂಡ ಸುಮಾರು 430 ಕುಟುಂಬಗಳೊಂದಿಗೆ ಇನ್ನೊಂದು ಲಾಟರಿ ಎತ್ತಿತು. ವೋಚರ್ ಎಲ್ಲರಿಗೂ ಇತ್ತು. ಅರ್ಧ ಜನರಿಗೆ ಮಾತ್ರ ಜೊತೆಗೊಬ್ಬರು ಸಹಾಯಕರು. ಅವರು ಮನೆ ಹುಡುಕಲು ಬರುತ್ತಾರೆ, ಮಾಲೀಕರ ಬಳಿ ಮಾತಾಡುತ್ತಾರೆ, ಠೇವಣಿಗೆ ದುಡ್ಡು ಹೊಂದಿಸಿಕೊಡುತ್ತಾರೆ. ಸಹಾಯವಿಲ್ಲದವರಲ್ಲಿ ಮಕ್ಕಳಿಗೆ ಏಳಿಗೆಯಿರುವ ಪ್ರದೇಶಗಳಿಗೆ ಹೋದವರು ಶೇ 15. ಸಹಾಯವಿದ್ದವರಲ್ಲಿ ಶೇ 53. ಇಷ್ಟವಿಲ್ಲ ಎಂಬ ವಾದಕ್ಕೆ ಅಲ್ಲಿಗೆ ತೆರೆ ಬಿತ್ತು.

ಇದನ್ನು ಓದಿ ನಮ್ಮಲ್ಲೂ ಊರಾಚೆ ಒಂದು ಬಡಾವಣೆ ಕಟ್ಟಿ ಕೊಳೆಗೇರಿಯವರನ್ನು ಲಾರಿಯಲ್ಲಿ ಸಾಗಿಸಿದರಾಯಿತು ಎಂದುಕೊಳ್ಳುವವರು ಅಹಮದಾಬಾದಿನ ಕಥೆ ಕೇಳಬೇಕು. ಅಲ್ಲಿ 1987ರಲ್ಲಿ ಕೊಳೆಗೇರಿಯ ಬಡ ಹೆಂಗಸರಿಗೆ ನಗರದಂಚಿನಲ್ಲಿ ಒಳ್ಳೆಯ ಮನೆಗಳನ್ನು ಲಾಟರಿಯಲ್ಲಿ ಹಂಚಲಾಯಿತು. ಶರೊನ್ ಬಾರ್ನ್‌ಹಾರ್ಟ್, ಎರಿಕಾ ಫೀಲ್ಡ್, ರೋಹಿಣಿ ಪಾಂಡೆ 14 ವರ್ಷಗಳ ಬಳಿಕದ ಸ್ಥಿತಿಯನ್ನು ಅಳೆದರು. ಮನೆ ಗೆದ್ದವರ ವರಮಾನದಲ್ಲಾಗಲಿ ಮಕ್ಕಳ ಭವಿಷ್ಯದಲ್ಲಾಗಲಿ ವ್ಯತ್ಯಾಸವೇ ಇರಲಿಲ್ಲ. ಬದಲಿಗೆ ನೆಂಟರಿಷ್ಟರಿಂದ, ಜಾತಿಬಂಧುಗಳಿಂದ ದೂರವಾಗಿ, ಕಷ್ಟಕಾಲಕ್ಕೆ ಕೈಸಾಲ ಕೊಡುವವರೂ ಇಲ್ಲವಾಗಿದ್ದರು. ಗೆದ್ದವರಲ್ಲಿ ಶೇ 34ರಷ್ಟು ಜನ ಆ ಮನೆಗೆ ಕಾಲೇ ಇಡಲಿಲ್ಲ, ಶೇ 32ರಷ್ಟು ಜನ ಹೋಗಿ ಬಿಟ್ಟುಬಂದರು. ಅಮೆರಿಕದ ಪ್ರಯೋಗದಲ್ಲಿ ಬಡತನ ಕಡಿಮೆಯಿರುವ ನೆರೆಹೊರೆ ಸಿಕ್ಕಿತ್ತು. ಇಲ್ಲಿ ಸಿಕ್ಕದ್ದು ಗೋಡೆ, ಸೂರು ಮತ್ತು ದೂರ.

ನಮ್ಮ ನಗರಗಳ ನೆರೆಹೊರೆ ಎಂಥದ್ದೆಂದು ತಿಳಿಯುವುದೇ ಕಷ್ಟ. ಜಾತಿವಾರು ಪ್ರತ್ಯೇಕತೆಯನ್ನು ಬಹುಕಾಲ ವಾರ್ಡಿನ ಮಟ್ಟದ ಅಂಕಿಗಳಿಂದ ಅಳೆಯಲಾಗುತ್ತಿತ್ತು. ಬೆಂಗಳೂರಿನಂಥ ಊರಿನ ಒಂದು ವಾರ್ಡೆಂದರೆ ಸಣ್ಣ ಪಟ್ಟಣ; ಅಪಾರ್ಟ್‌ಮೆಂಟೂ ಅದರ ಬೆನ್ನಿಗಿರುವ ಕೊಳೆಗೇರಿಯೂ ಅದರೊಳಗೆ ಒಂದಾಗಿ ಕಾಣುತ್ತವೆ. ಸಂಶೋಧಕರಾದ ನವೀನ್ ಭಾರತಿ, ದೀಪಕ್ ಮಲಘಾಣ, ಅಂದಲೀಬ್ ರೆಹಮಾನ್ ಗಣತಿಯ ಬ್ಲಾಕ್ ಮಟ್ಟಕ್ಕೆ, ಅಂದರೆ ನೂರಿನ್ನೂರು ಮನೆಗಳ ಮಟ್ಟಕ್ಕೆ ಇಳಿದು ನೋಡಿದಾಗ, ವಾರ್ಡಿನ ಅಂಕಿ ಮರೆಮಾಚಿದ್ದ ಗೆರೆಗಳು ಎದ್ದು ಕಂಡವು. ಗೆರೆ ಎಳೆಯುವವರು ಯಾರೆಂಬುದೂ ಗುಟ್ಟಲ್ಲ. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಮೇಲ್ಜಾತಿಯ, ದಲಿತ, ಮುಸ್ಲಿಂ ಹೆಸರುಗಳಲ್ಲಿ ಬಾಡಿಗೆ ಮನೆ ಕೇಳಿ ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲ್ಜಾತಿಯವರಿಗೆ ಸಲೀಸಾಗಿ ತೆರೆದ ಬಾಗಿಲು ದಲಿತರಿಗೆ ಅರೆಬರೆ, ಮುಸ್ಲಿಮರಿಗೆ ಅದಕ್ಕಿಂತಲೂ ಕಡಿಮೆ ತೆರೆಯಿತು. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆಯನ್ನೂ, ಸಸ್ಯಾಹಾರಿಗಳಿಗೆ ಮಾತ್ರ ಎಂಬ ಟು-ಲೆಟ್ ಬೋರ್ಡನ್ನೂ, ಹತ್ತು ತಿಂಗಳ ಅಡ್ವಾನ್ಸನ್ನೂ ಪರಿಚಯಿಸಬೇಕಿಲ್ಲ.

ಈಗಿರುವ ಗಣತಿಯ ಅಂಕಿಗಳು 2011ರವು. ಹೊಸ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1, ಈ ಸಲ ಜಾತಿಯನ್ನೂ ಬರೆದುಕೊಳ್ಳಲಾಗುತ್ತದೆ. ಹೆಸರು ವಿಳಾಸ ಮರೆಸಿ ಬ್ಲಾಕ್ ಮಟ್ಟದ ಅಂಕಿಗಳನ್ನು ಸಂಶೋಧಕರಿಗೆ ಬೇಗ ಬಿಟ್ಟುಕೊಟ್ಟರೆ ನಮ್ಮೂರುಗಳ ಬಗ್ಗೆ ಊಹಾಪೋಹ ನಿಲ್ಲಿಸಿ ಮಾತಾಡಬಹುದು. ಹಿಂದಿನ ಸಲ ವಲಸೆಗೆ ಕಾರಣ ಕೇಳಿದಾಗ ಕೊಟ್ಟಿದ್ದ ಆಯ್ಕೆಗಳು ಉದ್ಯೋಗ, ವ್ಯಾಪಾರ, ಶಿಕ್ಷಣ, ಮದುವೆ, ಹುಟ್ಟಿದ ಮೇಲೆ ಬಂದದ್ದು, ಮನೆಯವರ ಜೊತೆ ಬಂದದ್ದು ಮತ್ತು ಇತರೆ. ಕೇಳಿದ ಕಡೆ ಮನೆ ಕೊಡಲಿಲ್ಲ ಎಂಬ ಕಾರಣ ‘ಇತರೆ’ಯಲ್ಲಿ ಕಾಣೆಯಾಗುತ್ತದೆ. ಅದಕ್ಕೊಂದು ಪ್ರತ್ಯೇಕ ಸಾಲು ಬೇಕು.