ಚಾಕಿ ಹುಳಕ್ಕೆ ಬಲಿತ ಸೊಪ್ಪು

ಮಂಚೇನಹಳ್ಳಿಯ ಓದುಗರೊಬ್ಬರು ಬರೆದಿದ್ದಾರೆ. ಹಳೆಯ ಲ್ಯಾಪ್‌ಟಾಪಿಗೆ ಉಬುಂಟು 20.04 ಎಂಬ ಲಿನಕ್ಸ್ ಹಾಕಿಕೊಂಡು ಇಷ್ಟು ದಿನ ಚೆನ್ನಾಗಿಯೇ ನಡೆಸಿದ್ದರಂತೆ. ಮೊನ್ನೆ ಯಾವುದೋ ತಂತ್ರಾಂಶದ ಡೆಬ್ ಕಡತ ಇಳಿಸಿಕೊಂಡು ಹಾಕಲು ಹೋದರೆ ‘ಯೂ ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ ಎಂದು ಬಂತು. ಸ್ನೇಹಿತರೊಬ್ಬರು ‘ಡಿಪಿಕೆಜಿ ಕೊಟ್ಟು ತುರುಕು, ಹೋಗುತ್ತೆ’ ಎಂದರು. ತುರುಕಿದರು. ಅಲ್ಲಿಂದಾಚೆಗೆ ಬೇರೆ ಯಾವ ತಂತ್ರಾಂಶವೂ ಒಳಗೆ ಹೋಗುತ್ತಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕಾ ಎಂಬುದು ಅವರ ಪ್ರಶ್ನೆ. ಕೊನೆಗೊಂದು ಸಾಲು ಸೇರಿಸಿದ್ದಾರೆ: ‘ಮನೇಲಿ ರೇಷ್ಮೆ ಸಾಕ್ತೀವಿ, ಬೆಳೆ ಲೆಕ್ಕ ಎಲ್ಲಾ ಅದರಲ್ಲೇ ಇದೆ.’

ಅಳಿಸುವ ಅಗತ್ಯವಿಲ್ಲ, ಲೆಕ್ಕವೂ ಎಲ್ಲಿಗೂ ಹೋಗಿಲ್ಲ. ಅವರು ರೇಷ್ಮೆ ಮನೆಯವರು ಎಂದ ಮೇಲೆ ನನ್ನ ಕೆಲಸ ಅರ್ಧ ಹಗುರವಾಯಿತು.

ಮೊಟ್ಟೆಯೊಂದನ್ನೇ ತಂದಿಟ್ಟುಕೊಂಡರೆ ಗೂಡು ಬರುವುದಿಲ್ಲ. ತೋಟದಲ್ಲಿ ಸೊಪ್ಪಿರಬೇಕು, ಹುಳ ಹಣ್ಣಾಗುವ ಹೊತ್ತಿಗೆ ಗೂಡು ಕಟ್ಟಲು ಚಂದ್ರಿಕೆ ಸಿದ್ಧವಿರಬೇಕು, ಗೂಡು ಬಿಡಿಸಿದ ಮೇಲೆ ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸಲು ಗಾಡಿ ಇರಬೇಕು. ಲಿನಕ್ಸಿನ ಪ್ಯಾಕೇಜ್ ಕೂಡ ಹೀಗೆಯೇ ತನ್ನ ಜೊತೆ ಒಂದು ಪಟ್ಟಿ ತರುತ್ತದೆ: ನನಗೆ ಇಂಥಿಂಥವು ಬೇಕು. ಆ ಪಟ್ಟಿಯಲ್ಲಿರುವುದೇ ಡಿಪೆಂಡೆನ್ಸಿ, ಅವಲಂಬನೆ. ಕೆಲವು ಪ್ಯಾಕೇಜುಗಳಲ್ಲಿ ಪಟ್ಟಿ ಬಿಟ್ಟರೆ ಬೇರೇನೂ ಇರುವುದೇ ಇಲ್ಲ. ಉಬುಂಟುವಿಗೆ ಮೂಲವಾದ ಡೆಬಿಯನ್‌ನಲ್ಲಿ ಕನ್ನಡ ಫಾಂಟುಗಳಿಗೆಂದು ಇರುವ ಒಂದು ಪ್ಯಾಕೇಜ್ ಬಿಚ್ಚಿ ನೋಡಿದರೆ ಒಳಗೆ ಒಂದು ಅಕ್ಷರವೂ ಸಿಗುವುದಿಲ್ಲ. ‘ಲೋಹಿತ್ ತನ್ನಿ, ಗುಬ್ಬಿ ತನ್ನಿ, ನವಿಲು ತನ್ನಿ’ ಎಂದು ಮಾತ್ರ ಬರೆದಿರುತ್ತದೆ. ಗುಬ್ಬಿ, ನವಿಲು ಅರವಿಂದ ವಿ.ಕೆ. ರೂಪಿಸಿದ ಫಾಂಟುಗಳು. ಹೆಸರಿಟ್ಟ ರೀತಿಯೇ ನನಗೆ ಇಷ್ಟ.

‘ಸೊಪ್ಪು ಬೇಕು’ ಎಂದರೆ ಸಾಲದು, ಎಂಥ ಸೊಪ್ಪು ಎಂದೂ ಹೇಳಬೇಕು. ಚಾಕಿ ಹುಳಕ್ಕೆ, ಅಂದರೆ ಮರಿ ಹುಳಕ್ಕೆ, ಎಳೆಯ ಸೊಪ್ಪೇ ಆಗಬೇಕು, ಬಲಿತ ಎಲೆ ಹಾಕಿದರೆ ಅದು ಬಾಯಿಡುವುದಿಲ್ಲ. ತಂತ್ರಾಂಶದ ಲೋಕದಲ್ಲಿ ಇದಕ್ಕೆ ಆವೃತ್ತಿ ಎನ್ನುತ್ತಾರೆ. ನಮ್ಮ ಓದುಗರಿಗೆ ಬಂದ ಸಂದೇಶದ ನಡುವಿನ ಸಾಲಿನಲ್ಲಿ ಇದ್ದದ್ದು ಇದೇ: ಈ ಪ್ಯಾಕೇಜಿಗೆ ‘ಲಿಬ್‌ಸಿ6’ 2.34 ಅಥವಾ ಅದಕ್ಕಿಂತ ಹೊಸದು ಬೇಕು. ಉಬುಂಟು 20.04ರಲ್ಲಿ ಇರುವುದು 2.31. 2.34 ಹೊರಬಂದದ್ದೇ 2021ರ ಆಗಸ್ಟಿನಲ್ಲಿ. ಅವರು ಇಳಿಸಿಕೊಂಡ ಕಡತ ಉಬುಂಟು 22.04ಕ್ಕೆಂದು ಕಟ್ಟಿದ್ದು, ಅದರಲ್ಲಿ 2.35 ಇದೆ.

ಹಾಗಾದರೆ 2.35 ಒಂದನ್ನೇ ತಂದು ಹಾಕಿದರಾಯಿತಲ್ಲ? ಬೇಡ. ಚಾಕಿ ಹುಳಕ್ಕೆ 27, 28 ಡಿಗ್ರಿ ಬಿಸಿಯೂ ನೂರಕ್ಕೆ 85ರ ಮೇಲೆ ತೇವವೂ ಬೇಕು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ, ಹುಳಕ್ಕೆ 24, 25 ಡಿಗ್ರಿ, 70ರ ಆಸುಪಾಸಿನ ತೇವ ಸಾಕು. ಎರಡನ್ನೂ ಒಂದೇ ಕೋಣೆಯಲ್ಲಿ ಸಾಕಲು ಹೊರಟರೆ ಕೋಣೆಯ ಹವೆ ಯಾರ ಮಾತು ಕೇಳಬೇಕು? ಲಿಬ್‌ಸಿ ಎಂಬುದು ಆ ಕೋಣೆಯ ಹವೆಯಂತೆ. ಕಡತಗಳ ಪಟ್ಟಿ ತೋರಿಸುವ ಪುಟ್ಟ ಆದೇಶದಿಂದ ಹಿಡಿದು ಬ್ರೌಸರಿನವರೆಗೆ, ಕೊನೆಗೆ ಪ್ಯಾಕೇಜ್ ಹಾಕುವ ಡಿಪಿಕೆಜಿ ಕೂಡ ಅದರೊಳಗೇ ಉಸಿರಾಡುತ್ತದೆ. ಇಡೀ ಯಂತ್ರಕ್ಕೆ ಅದು ಒಂದೇ. ಬೇರೆ ವರ್ಷದ್ದನ್ನು ತಂದು ಕೂರಿಸಲು ಹೋಗಿ ಎಡವಿದರೆ ಸರಿಪಡಿಸುವ ಉಪಕರಣವೂ ಕೈಕೊಡುತ್ತದೆ.

ಹೀಗೆ ಹಂಚಿಕೊಂಡು ಬದುಕುವುದರಲ್ಲಿ ಲಾಭವೂ ಇದೆ. 2014ರ ಏಪ್ರಿಲಿನಲ್ಲಿ, ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ತೂತು ಪತ್ತೆಯಾದಾಗ, ಲಿನಕ್ಸ್ ಯಂತ್ರಗಳಲ್ಲಿ ಆ ಒಂದು ಪ್ಯಾಕೇಜ್ ಬದಲಿಸಿ, ಅದನ್ನು ಬಳಸುವ ಸೇವೆಗಳನ್ನು ಮತ್ತೆ ಚಾಲೂ ಮಾಡಿದರೆ ತೂತು ಮುಚ್ಚುತ್ತಿತ್ತು.

ಯಾವುದಕ್ಕೆ ಯಾವುದು ಬೇಕೆಂಬ ಈ ಲೆಕ್ಕಾಚಾರವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದ ಕಥೆ ಸ್ವಾರಸ್ಯದ್ದು. ಅಮೆರಿಕದ ಇಯಾನ್ ಮರ್ಡಾಕ್ 1993ರ ಆಗಸ್ಟಿನಲ್ಲಿ ಡೆಬಿಯನ್ ಆರಂಭಿಸಿದರು. ಗೆಳತಿ ಡೆಬ್ರಾ ಹೆಸರನ್ನೂ ತಮ್ಮ ಹೆಸರನ್ನೂ ಕೂಡಿಸಿಟ್ಟ ಹೆಸರು ಅದು. ಡಿಪಿಕೆಜಿಯನ್ನು 1994ರಲ್ಲಿ ಸಿ ಭಾಷೆಯಲ್ಲಿ ಹೊಸದಾಗಿ ಬರೆದವರು ಇಯಾನ್ ಜಾಕ್ಸನ್, ಇನ್ನೊಬ್ಬ ಇಯಾನ್. ಡಿಪಿಕೆಜಿಗೆ ಪಟ್ಟಿ ಓದಲು ಬರುತ್ತದೆ, ‘ಇದು ಇಲ್ಲ’ ಎಂದು ದೂರಲು ಬರುತ್ತದೆ, ಹೋಗಿ ತರಲು ಮಾತ್ರ ಬರುವುದಿಲ್ಲ. ತರುವವನು ಆಪ್ಟ್. ಜೇಸನ್ ಗನ್‌ಥೋರ್ಪ್ ಮುಂದಾಳಾಗಿ ಬರೆದ ಅದು 1999ರ ಮಾರ್ಚಿನ ಡೆಬಿಯನ್ 2.1ರ ಜೊತೆ ಬಂತು. ಮೊದಲಿಗೆ ಅದನ್ನು ‘ಡೀಟಿ’, ಅಂದರೆ ದೇವರು, ಎಂದು ಕರೆಯುತ್ತಿದ್ದರು. ಹೆಸರು ಬದಲಿಸಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಪ್ಯಾಕೇಜ್ ಸಿಗದಾಗ ನಾವು ಯಾರನ್ನು ಬೈಯುತ್ತಿದ್ದೆವು? ಆಪ್ಟ್‌ಗೆ ‘ಮೂ’ ಎಂದು ಆದೇಶ ಕೊಟ್ಟರೆ ತೆರೆಯ ಮೇಲೆ ಅಕ್ಷರಗಳಲ್ಲಿ ಬರೆದ ಹಸುವೊಂದು ಪ್ರತ್ಯಕ್ಷವಾಗುತ್ತದೆ. ಡೇರಿ ಇರುವ ಊರಿನವರು ಒಮ್ಮೆ ಪ್ರಯತ್ನಿಸಬಹುದು.

ತರುವ ಕೆಲಸ ಸುಲಭ ಎಂದುಕೊಳ್ಳಬೇಡಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 69,830 ಪ್ಯಾಕೇಜುಗಳಿವೆ. ಪ್ರತಿಯೊಂದಕ್ಕೂ ಹಾಕು ಅಥವಾ ಬಿಡು ಎಂಬ ಎರಡು ದಾರಿ. ಹತ್ತು ಪ್ಯಾಕೇಜಿಗೆ 1,024 ಬಗೆ, ಮೂವತ್ತಕ್ಕೆ 107 ಕೋಟಿಗೂ ಹೆಚ್ಚು. ‘ಇದು ಇಲ್ಲವೇ ಅದು ಸಾಕು’, ‘ಇದಿದ್ದಲ್ಲಿ ಅದಿರಬಾರದು’ ಎಂಬ ಷರತ್ತುಗಳು ಅದರ ಮೇಲೆ. ಇಂಥ ಷರತ್ತುಗಳ ಕಂತೆಯನ್ನು ಒಟ್ಟಿಗೆ ಪೂರೈಸಲು ಸಾಧ್ಯವೇ ಎಂಬ ಪ್ರಶ್ನೆ ಗಣಕ ವಿಜ್ಞಾನದ ಅತಿ ಕಠಿಣ ವರ್ಗದ್ದೆಂದು ಸ್ಟೀಫನ್ ಕುಕ್ 1971ರಲ್ಲೇ ತೋರಿಸಿದ್ದರು. ಪ್ಯಾಕೇಜ್ ಹಾಕುವ ಪ್ರಶ್ನೆಯೂ ಅದೇ ವರ್ಗಕ್ಕೆ ಸೇರಿದ್ದೆಂದು 2006ರ ಹೊತ್ತಿಗೆ ರೊಬೆರ್ಟೊ ಡಿ ಕಾಸ್ಮೊ ಮತ್ತು ಸಂಗಡಿಗರು ಯುರೋಪಿನ ಇಡಾಸ್ ಯೋಜನೆಯಲ್ಲಿ ಸಾಧಿಸಿದರು. ನಿಮ್ಮ ಲ್ಯಾಪ್‌ಟಾಪ್ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಿಸುತ್ತದೆ, ಏಕೆಂದರೆ ಒಂದೇ ವರ್ಷದ, ಒಂದೇ ಮನೆಯ ಪ್ಯಾಕೇಜುಗಳನ್ನು ಪರಸ್ಪರ ಹೊಂದುವಂತೆ ಯಾರೋ ಮೊದಲೇ ಕೂತು ಕಟ್ಟಿರುತ್ತಾರೆ. ಹೊರಗಿನದೊಂದು ನುಗ್ಗಿದಾಗಲೇ ತಕರಾರು.

ತಕರಾರು ಬಂದಾಗ ಬಲವಂತ ಮಾಡಿದರೆ ಏನಾಗುತ್ತದೆ ಎಂಬುದನ್ನು 2021ರ ನವೆಂಬರಿನಲ್ಲಿ ಲೋಕವೇ ನೋಡಿತು. ಕೆನಡಾದ ವಿಡಿಯೊಕಾರ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸಿನಲ್ಲಿ ಆಟದ ತಂತ್ರಾಂಶ ಸ್ಟೀಮ್ ಹಾಕಲು ಹೋದರು. ಅವಲಂಬನೆ ಹೊಂದಲಿಲ್ಲ. ಮುಂದುವರಿದರೆ ಅಗತ್ಯದ ಪ್ಯಾಕೇಜುಗಳೇ ಹೋಗುತ್ತವೆ, ಹೋಗಲೇಬೇಕೆಂದರೆ ‘ಯೆಸ್, ಡೂ ಆ್ಯಸ್ ಐ ಸೇ’ ಎಂದು ಬರೆ ಎಂದಿತು ಆಪ್ಟ್. ಬರೆದರು. ಡೆಸ್ಕ್‌ಟಾಪ್ ಪೂರ್ತಿ ಮಾಯ, ಕಪ್ಪು ತೆರೆ ಉಳಿಯಿತು. ಆಪ್ಟ್ ಬರೆಯುವವರು ಆಮೇಲೆ ಆ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದರು.

‘ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ ಎಂಬ ಸಂದೇಶದ ಮೇಲೆ ನನಗೂ ಸಿಟ್ಟಿದೆ. ಹತ್ತಕ್ಕೆ ಒಂಬತ್ತು ಸಲ ಯಾರೂ ಏನನ್ನೂ ಹಿಡಿದಿಟ್ಟಿರುವುದಿಲ್ಲ, ಏನೂ ಮುರಿದೂ ಇರುವುದಿಲ್ಲ. ‘ನೀವು ಕೇಳಿದ್ದನ್ನೆಲ್ಲ ಒಟ್ಟಿಗೆ ಕೊಡಲಾಗದು’ ಎಂದಷ್ಟೇ ಅದರ ಅರ್ಥ. ನಮ್ಮ ಓದುಗರ ಯಂತ್ರ ಅಷ್ಟು ಹೇಳಿ ಸುಮ್ಮನಿತ್ತು. ಆಮೇಲೆ ಡಿಪಿಕೆಜಿ ಆ ಪ್ಯಾಕೇಜನ್ನು ಬಿಚ್ಚಿ ಹರವಿತು, ಅಣಿಗೊಳಿಸಲು ಆಗದೆ ಅರ್ಧಕ್ಕೆ ಬಿಟ್ಟಿತು. ಆ ಅರ್ಧ ಇರುವವರೆಗೂ ಆಪ್ಟ್ ಬೇರೆ ಏನನ್ನೂ ಒಳಗೆ ಬಿಡುವುದಿಲ್ಲ. ಪರಿಹಾರ ಒಂದು ಸಾಲಿನದು: ಟರ್ಮಿನಲ್ಲಿನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್’ ಬರೆದು, ಎರಡು ಅಡ್ಡಗೆರೆಯೊಂದಿಗೆ ‘ಫಿಕ್ಸ್-ಬ್ರೋಕನ್’ ಸೇರಿಸಿ. ಬೇಕಾದದ್ದು ಸಿಗುವಂತಿದ್ದರೆ ಆಪ್ಟ್ ತರುತ್ತದೆ, ಇಲ್ಲದಿದ್ದರೆ ಆ ಅರೆಬರೆ ಪ್ಯಾಕೇಜನ್ನು ತೆಗೆಯಲೇ ಎಂದು ಕೇಳುತ್ತದೆ. ಇಲ್ಲಿ ತೆಗೆಯುತ್ತದೆ. ಪಟ್ಟಿಯಲ್ಲಿ ಅದೊಂದೇ ಇದೆಯೇ ಎಂದು ನೋಡಿಕೊಂಡು ಒಪ್ಪಿಕೊಳ್ಳಿ.

ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಬಂದ ಮೇಲೆ ಈ ರಗಳೆಯೇ ಮುಗಿಯಿತು ಎಂದು ಕೆಲವರು ಡಂಗುರ ಹೊಡೆಯುತ್ತಾರೆ. ಅವು ಪ್ರತಿ ಹುಳಕ್ಕೂ ಬೇರೆ ಕೋಣೆ ಕಟ್ಟಿಕೊಡುವ ಉಪಾಯ. ತಕರಾರು ತಪ್ಪುತ್ತದೆ ನಿಜ, ಕೋಣೆ ಕಟ್ಟಲು ಡಿಸ್ಕಿನಲ್ಲಿ ಜಾಗ ನೀವೇ ಕೊಡಬೇಕು. ಹಳೆಯ ಲ್ಯಾಪ್‌ಟಾಪಿನವರು ಯೋಚಿಸಿ ಹಾಕಿಕೊಳ್ಳಲಿ.

ಉಬುಂಟು 20.04ಕ್ಕೆ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿದಿದೆ. ಬೆಳೆ ಲೆಕ್ಕವನ್ನು ಪೆನ್‌ಡ್ರೈವಿಗೆ ನಕಲಿಸಿಕೊಂಡು 22.04ಕ್ಕೆ ಏರಿ, ಆಮೇಲೆ ಆ ತಂತ್ರಾಂಶ ತಕರಾರಿಲ್ಲದೆ ಒಳಗೆ ಹೋಗುತ್ತದೆ. ಮತ್ತೆ ತೊಡಕಾದರೆ ಬರೆಯಿರಿ. ಕೊನೆಯ ಕೆಂಪು ಸಾಲನ್ನು ಮಾತ್ರ ಕಳಿಸಬೇಡಿ, ಅದರ ಮೇಲಿನ ‘ಡಿಪೆಂಡ್ಸ್’ ಸಾಲುಗಳನ್ನೂ ಸೇರಿಸಿ ಕಳಿಸಿ.