ಬಂಕಿನಿಂದ ಬಂಕಿಗೆ ಪೆಟ್ರೋಲು ಬೇರೆಯೇ?

ಪ್ರಶ್ನೆ: ಒಂದು ಬಂಕಿನ ಪೆಟ್ರೋಲಿಗಿಂತ ಮತ್ತೊಂದರದು ಉತ್ತಮವೆನ್ನುವರು. ನಿಜವೇ?

ಉತ್ತರ: ಮಂಗಳೂರಿನ ಸಂಸ್ಕರಣಾಗಾರದಿಂದ ಹೊರಟು, ಹಾಸನದ ಮಾರ್ಗವಾಗಿ ಬೆಂಗಳೂರಿನ ಸಮೀಪದ ದೇವನಗೊಂದಿಯವರೆಗೆ ಕೊಳವೆಯಲ್ಲಿ ಹರಿದುಬರುವ ಪೆಟ್ರೋಲು, ಮುಂದೆ ಬೇರೆ ಬೇರೆ ಕಂಪನಿಗಳ ಟ್ಯಾಂಕರುಗಳನ್ನೇರಿ ಬೇರೆ ಬೇರೆ ಫಲಕಗಳ ಕೆಳಗೆ ವಿಕ್ರಯವಾಗುವುದರಿಂದ, ಮೂಲದ್ರವ್ಯದಲ್ಲಿ ಭೇದವನ್ನರಸುವುದು ಬಹುಮಟ್ಟಿಗೆ ವ್ಯರ್ಥಪ್ರಯಾಸವೇ ಸರಿ. ಗಂಧಕದ ಅಂಶವು ಹತ್ತು ಲಕ್ಷದಲ್ಲಿ 10 ಭಾಗವನ್ನು ಮೀರಕೂಡದೆಂಬ, 2020ರ ಏಪ್ರಿಲಿನಿಂದ ದೇಶಾದ್ಯಂತ ಜಾರಿಯಲ್ಲಿರುವ ಬಿ.ಎಸ್. 6 ಕಟ್ಟಳೆಯೂ ಎಲ್ಲರಿಗೂ ಸಮಾನ. ಕಂಪನಿಗಳು ತಂತಮ್ಮ ಶುದ್ಧಿಕಾರಕಗಳನ್ನು ಬೆರೆಸಿ ‘ಪ್ರೀಮಿಯಂ’ ಎಂದು ಹೆಚ್ಚು ಬೆಲೆಗೆ ಮಾರುವುದುಂಟು. ಸಾಮಾನ್ಯ ಸ್ಕೂಟರಿಗೆ ಅದರಿಂದ ವಿಶೇಷ ಪ್ರಯೋಜನವನ್ನು ನಾನು ಕಾಣೆ.

ನಿಜವಾದ ವ್ಯತ್ಯಾಸವು ಹುಟ್ಟುವುದು ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುವ ಕಾರಣ, ಮುಚ್ಚಳ ಸಡಿಲವಾಗಿ ಮಳೆನೀರು ಒಳಗಿಳಿಯಿತೆಂದರೆ, ಎಥನಾಲು ಪೆಟ್ರೋಲಿನ ಸಂಗವನ್ನು ತೊರೆದು ನೀರಿನೊಡನೆ ತಳ ಸೇರುತ್ತದೆ. ಆ ತಳದ ದ್ರವವೇ ಗಾಡಿಯೊಳಕ್ಕೆ ಬಂದರೆ ಗಾಡಿಯು ಸ್ವಲ್ಪ ದೂರದಲ್ಲೇ ನಿಂತೀತು. ಕಲಬೆರಕೆಯ ಸಂಶಯವುಳ್ಳವರು ಫಿಲ್ಟರ್ ಕಾಗದವನ್ನು, ದಾಕ್ಷಿಣ್ಯಪಡದೆ, ಹಕ್ಕಿನಿಂದಲೇ ಕೇಳಿ ಪಡೆಯಬಹುದು: ನಳಿಕೆಯ ತುದಿಯನ್ನೊರಸಿ ಕಾಗದದ ಮೇಲೆ ಒಂದು ಹನಿ ಬಿಟ್ಟರೆ, ಶುದ್ಧವಾದ ಪೆಟ್ರೋಲು ಎರಡು ನಿಮಿಷದೊಳಗೆ ಗಾಢವಾದ ಕಲೆಯನ್ನುಳಿಸದೆ ಆರಿಹೋಗುವುದು.