ಕುಮಾರ ಪರ್ವತದ ಎರಡು ಮಗ್ಗುಲು

ಕೈವಾರದ ನಮ್ಮ ಷಡ್ಡಕರು ಚಳಿಗಾಲದಲ್ಲೊಮ್ಮೆ ಬಂದಿದ್ದರು. ಭೀಮಸೇನನು ಬಕಾಸುರನನ್ನು ಕೊಂದನೆಂದು ಹೇಳುವ ಬೆಟ್ಟದ ಊರು. ನೀರಿಗಾಗಿ 1,000 ಅಡಿ ದಾಟಿ ಬೋರು ಕೊರೆಯುವ ಸೀಮೆ. ಅವರಿಗೆ ಕುಮಾರ ಪರ್ವತ ತೋರಿಸಲೆಂದು, ಮೊಣಕಾಲು ಬೇಡವೆಂದರೂ ಕೇಳದೆ, ನಾವೂ ಹೊರಟೆವು.

ಪುಷ್ಪಗಿರಿಯೆಂದೂ ಕರೆಯುವ ಈ ಶಿಖರದ ಎತ್ತರ 1,712 ಮೀಟರು. ಮೂಡಲ ಮಗ್ಗುಲು ಸೋಮವಾರಪೇಟೆಯ ಕಾಫಿ ಸೀಮೆ. ಪಡುವಲ ಮಗ್ಗುಲು ಕುಕ್ಕೆ ಸುಬ್ರಹ್ಮಣ್ಯದ ಅಡಿಕೆ ಸೀಮೆ. ನಮ್ಮ ಎರಡೂ ಬೆಳೆಗಳನ್ನು ಒಂದು ಕಾಲುದಾರಿ ಹೊಲಿದಂತಿದೆ. ಬೀದಳ್ಳಿಯಿಂದ ಏರಲು ಸುಮಾರು 7 ಕಿಲೋಮೀಟರು. ಕುಕ್ಕೆಗೆ ಇಳಿಯಲು ಹತ್ತಿರಹತ್ತಿರ ಅದರ ಇಮ್ಮಡಿ. ಏರುವಾಗ ದಟ್ಟ ಕಾಡು, ಕೊನೆಗೆ ಜಾರುವ ಬಂಡೆ. ಶೇಷಪರ್ವತ ದಾಟಿದ ಮೇಲೆ ಬರೀ ಹುಲ್ಲುಗುಡ್ಡ, ನೆರಳೆಂಬುದಿಲ್ಲ. ಗಿರಿಗದ್ದೆಯಲ್ಲಿ ಸಿಕ್ಕಿದ ಅನ್ನ, ಮಜ್ಜಿಗೆ ಯಾವ ಮದುವೆಯೂಟಕ್ಕೂ ಕಡಿಮೆಯಿರಲಿಲ್ಲ.

ಶಿಖರದ ಕೆಳಗಿನ ಶೋಲೆಯಲ್ಲಿ ನೀರಿನ ಸದ್ದು ಕೇಳಿ ಷಡ್ಡಕರು ನಿಂತುಬಿಟ್ಟರು. "ಇಷ್ಟು ನೀರು ಸುಮ್ಕೆ ಹರಿದೋಗ್ತೈತಲ್ಲಣ್ಣ!" ಎಂದರು.

ಸುಮ್ಮನೆ ಅಲ್ಲ. ಮುಂಗಾರಿನ ಮಳೆಯನ್ನು ಈ ಶೋಲೆ ಮತ್ತು ಹುಲ್ಲು ಹೀರಿಟ್ಟುಕೊಂಡು ಬೇಸಿಗೆಯವರೆಗೂ ತೊಟ್ಟಿಕ್ಕಿಸುತ್ತವೆ. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಕುಮಾರಧಾರೆ ಮಲ್ಲಳ್ಳಿಯಲ್ಲಿ ಧುಮುಕಿ, ಕುಕ್ಕೆಯನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವುದು. ಫೆಬ್ರವರಿ-ಮಾರ್ಚಿಯಲ್ಲಿ ಕೆಳಗಿನ ಅಡಿಕೆ ತೋಟಗಳು ತಡೆದುಕೊಳ್ಳುವುದು ಇಂಥ ಹಳ್ಳಗಳಿಂದಲೇ.

2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಮಂದಿ ಒಟ್ಟಿಗೆ ನುಗ್ಗಿದರು. ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆನ್‌ಲೈನ್ ಟಿಕೆಟ್ಟು, ದಾರಿಯೊಂದಕ್ಕೆ ದಿನಕ್ಕೆ 300 ಜನರ ಮಿತಿ ಬಂತು. ಜೀಪು, ಹೋಂಸ್ಟೇ ನಂಬಿದ ಕೆಲವು ಸದಸ್ಯರು ಸಭೆಯಲ್ಲಿ ಬೇಸರಪಟ್ಟರು. ಕಾಫಿ ದರ ಬಿದ್ದ ವರ್ಷಗಳಲ್ಲಿ ಆ ಆದಾಯವೇ ಮನೆ ನಡೆಸಿತ್ತು. ಅವರನ್ನು ನಾವು ದೂರಲಾರೆವು. ಆದರೂ ಮಿತಿ ಬೇಕೆಂದೇ ನಮ್ಮ ಅಭಿಪ್ರಾಯ. ಒಬ್ಬ ಸದಸ್ಯರ ತೋಟಕ್ಕೆ ಹಳ್ಳದಿಂದ ಬರುವ ಪೈಪು ಒಣಗಿದಾಗ ನಾವೇ ಹೋಗಿ ನೋಡಿದೆವು: ಬಾಯಿಗೆ ಪ್ಲಾಸ್ಟಿಕ್ ಚೀಲ ಮೆತ್ತಿಕೊಂಡಿತ್ತು. ಅಷ್ಟರಲ್ಲಿ ನಾಲ್ಕು ದಿನ ಅಡಿಕೆ ಸಸಿಗಳು ಬಾಡಿದ್ದವು. ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಹುಲ್ಲಿಗೆ ಬಿದ್ದರಂತೂ ಚೀಲ ತೆಗೆದಷ್ಟು ಸುಲಭವಾಗಿ ಮುಗಿಯದು.

ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಅದು ತೆರೆಯುವ ಮೊದಲೇ, ಹಳ್ಳದ ನೀರು ಬಳಸುವ ಸದಸ್ಯರು ಪೈಪಿನ ಬಾಯಿಗೆ ಜಾಲರಿ ಕಟ್ಟಿಕೊಳ್ಳಿರಿ. ಚಾರಣಿಗರನ್ನು ಇಳಿಸಿಕೊಳ್ಳುವ ಮನೆಯವರು ಅವರು ಹೊತ್ತೊಯ್ದ ಬಾಟಲಿಗಳನ್ನು ಎಣಿಸಿ ಕಳುಹಿಸಿ, ಎಣಿಸಿಯೇ ವಾಪಸು ಪಡೆಯಿರಿ.